90ನೇ ದಿನಕ್ಕೆ ಮೊದಲು: ಸುಸ್ತಿಯಾದ ಗೃಹಸಾಲದಿಂದ ಮನೆ ಉಳಿಸಿಕೊಳ್ಳುವ ಬಗೆ

ಗೃಹಸಾಲದ ಕಂತು ತಪ್ಪಿದವರ ಕಡತ ಕೈಗೆ ಬಂದರೆ ನಾನು ಮೊದಲು ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದುಕೊಳ್ಳುತ್ತೇನೆ. ಸಾಲ ಎಷ್ಟಿದೆ ಎನ್ನುವುದು ಆಮೇಲಿನ ಮಾತು. ಮನೆ ಹರಾಜಾಗುವುದೋ ಉಳಿಯುವುದೋ ಬಹುಪಾಲು ಈ ಹಾಳೆಯಲ್ಲೇ ಗೊತ್ತಾಗುತ್ತದೆ.

ಏಪ್ರಿಲ್ 5ರ ಕಂತು ತಪ್ಪಿತು ಎಂದಿಟ್ಟುಕೊಳ್ಳಿ. ಮೇ 5ಕ್ಕೆ 30 ದಿನ, ಜೂನ್ 4ಕ್ಕೆ 60, ಜುಲೈ 4ಕ್ಕೆ 90. ಅಷ್ಟರಲ್ಲಿ ಆ ಕಂತು ಚುಕ್ತಾ ಆಗದಿದ್ದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಬ್ಯಾಂಕಿನ ಕೈಗೆ 2002ರ ಸರ್ಫೇಸಿ ಕಾಯ್ದೆ ಬರುತ್ತದೆ. ಅಲ್ಲಿಂದಾಚೆ ನ್ಯಾಯಾಲಯದ ತೀರ್ಪಿಗೆ ಕಾಯದೆಯೇ ಮನೆಯನ್ನು ವಶಕ್ಕೆ ಪಡೆದು ಮಾರಬಹುದು.

ಬಹಳ ಜನ ಎಡವುವುದು ಇಲ್ಲಿ. ಕಟ್ಟಿದ ಹಣ ಸಾಮಾನ್ಯವಾಗಿ ಎಲ್ಲಕ್ಕಿಂತ ಹಳೆಯ ಬಾಕಿಗೆ ಜಮೆಯಾಗುತ್ತದೆ. ಏಪ್ರಿಲ್, ಮೇ, ಜೂನ್ ಮೂರೂ ಕಂತು ಬಾಕಿಯಿದ್ದು, ಜುಲೈ 4ರ ಮೊದಲು ಒಂದೇ ಒಂದು ಪೂರ್ತಿ ಕಂತು ಕಟ್ಟಿದರೂ ಏಪ್ರಿಲ್‌ನದು ತೀರಿ, ಎಣಿಕೆ ಮೇ 5ರಿಂದ ಶುರುವಾಗುತ್ತದೆ. 90ನೇ ದಿನ ಆಗಸ್ಟ್ 3ಕ್ಕೆ ಹೋಗುತ್ತದೆ. ಅದೇ ಹಣವನ್ನು ಜುಲೈ 10ಕ್ಕೆ ಕಟ್ಟಿದರೆ ಈ ಲಾಭವಿಲ್ಲ. ಒಮ್ಮೆ ಎನ್‌ಪಿಎ ಆದ ಖಾತೆ ಸರಿಯಾಗಬೇಕಾದರೆ ಸುಸ್ತಿಯಾದ ಅಸಲು, ಬಡ್ಡಿ ಎಲ್ಲವೂ ತೀರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಕೈಯಲ್ಲಿರುವ ಅಲ್ಪ ಹಣವನ್ನು ಯಾವ ದಿನ ಕಟ್ಟುತ್ತೀರಿ ಎನ್ನುವುದು ಎಷ್ಟು ಕಟ್ಟುತ್ತೀರಿ ಎನ್ನುವಷ್ಟೇ ಮುಖ್ಯ. ಕಂತು 22,500 ಇದ್ದು 20,000 ಕಟ್ಟಿದರೆ ಉಳಿದ 2,500ಕ್ಕೇ ದಿನ ಓಡುತ್ತಿರುತ್ತದೆ. ಬೌನ್ಸ್ ಶುಲ್ಕ, ದಂಡ ಶುಲ್ಕಗಳನ್ನು ಮೊದಲು ಮುರಿದುಕೊಂಡು ಕಂತು ಅರೆಬರೆ ಉಳಿಯುವುದೂ ಉಂಟು. ಕಟ್ಟಿದ ಮರುದಿನವೇ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಹಣ ಯಾವ ಬಾಬ್ತಿಗೆ ಹೋಗಿದೆ ನೋಡಿ.

"ಅವಧಿ ಹೆಚ್ಚಿಸಿಕೊಡಿ" ಎಂದು ಕೇಳುವ ಮುನ್ನ ಲೆಕ್ಕ ಹಾಕಿ. 25 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ ಎಂದರೆ ಕಂತು ಸುಮಾರು 22,500. 30 ವರ್ಷಕ್ಕೆ ಎಳೆದರೂ 20,100ರ ಆಸುಪಾಸು ನಿಲ್ಲುತ್ತದೆ. ಮೊದಲ ತಿಂಗಳ ಬಡ್ಡಿಯೇ 18,750 ಇರುವುದರಿಂದ ಕಂತು ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ತಿಂಗಳಿಗೆ 2,400 ಉಳಿದರೆ ಸಾಕೆನ್ನುವವರಿಗೆ ಇದು ದಾರಿ. ಆದಾಯ ಅರ್ಧಕ್ಕೆ ಕುಸಿದವರಿಗೆ ಇದರಿಂದ ಪ್ರಯೋಜನವಿಲ್ಲ, ಅವರು ಮನೆಯನ್ನು ತಾವೇ ಮಾರುವ ಯೋಚನೆಯನ್ನು ಬೇಗ ಮಾಡಬೇಕು. ಕಂತು ತುಂಬಲು ಮೀಟರ್ ಬಡ್ಡಿಯ ಕೈಸಾಲ ತರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು ಸಾಲದ ಜಾಗದಲ್ಲಿ ಎರಡು ಸಾಲ ನಿಲ್ಲುತ್ತವೆ, ಅಷ್ಟೆ.

ಒಂದು ಪದದ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ನಮ್ಮ ಬ್ಯಾಂಕುಗಳಲ್ಲಿ ಫೋರ್‌ಕ್ಲೋಷರ್ ಲೆಟರ್ ಎಂದರೆ ಸಾಲವನ್ನು ಅವಧಿಗೆ ಮೊದಲೇ ತೀರಿಸಲು ಬೇಕಾದ ಮೊತ್ತದ ಪತ್ರ. ಅದನ್ನು ಕಂಡು ಗಾಬರಿಯಾಗಬೇಡಿ. ಮನೆ ಮಾರುವಾಗ ನೀವೇ ಕೇಳಿ ಪಡೆಯಬೇಕಾದ ಪತ್ರ ಅದು.

ಎನ್‌ಪಿಎ ಆದ ಮೇಲೆ ಬರುವುದು ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು. ಪೂರ್ತಿ ಬಾಕಿ ತೀರಿಸಲು 60 ದಿನ ಕೊಡುತ್ತದೆ. ನೋಟಿಸನ್ನು ಬೇಡವೆಂದು ವಾಪಸು ಕಳಿಸಿದರೆ ಏನೂ ತಪ್ಪುವುದಿಲ್ಲ, ಬಾಗಿಲಿಗೆ ಅಂಟಿಸಿ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಲಕೋಟೆಯನ್ನು ಎಸೆಯದೆ ಇಟ್ಟುಕೊಳ್ಳಿ, ಕೈಸೇರಿದ ದಿನಕ್ಕೆ ಅದೇ ಸಾಕ್ಷಿ. ಈ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನದಲ್ಲಿ ಕಾರಣ ಸಹಿತ ಉತ್ತರ ಕೊಡಬೇಕು. ಆಕ್ಷೇಪಣೆಯಲ್ಲಿ ಕಷ್ಟದ ಕಥೆಗಿಂತ ಲೆಕ್ಕ ಇರಲಿ: ಯಾವ ದಿನಾಂಕದ ಪಾವತಿ ಜಮೆಯಾಗಿಲ್ಲ, ಎನ್‌ಪಿಎ ದಿನಾಂಕ ಏಕೆ ತಪ್ಪು, ಬಾಕಿಯನ್ನು ಯಾವ ತಾರೀಖುಗಳಲ್ಲಿ ತೀರಿಸುತ್ತೀರಿ. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಉಳಿದ ಬಾಕಿ ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಇದ್ದರೂ ಅನ್ವಯಿಸುವುದಿಲ್ಲ. ಅದನ್ನೂ ಪರೀಕ್ಷಿಸಿ. ನಕಲಿನ ಮೇಲೆ ಶಾಖೆಯ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ.

ಮುಂದಿನದು 13(4): ಸ್ವಾಧೀನದ ನೋಟಿಸನ್ನು ಮನೆಗೆ ಅಂಟಿಸುತ್ತಾರೆ. ಇದು ಸಾಮಾನ್ಯವಾಗಿ ಸಾಂಕೇತಿಕ ಸ್ವಾಧೀನ, ನೀವು ಇನ್ನೂ ಮನೆಯೊಳಗೇ ಇರುತ್ತೀರಿ. ಆದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವ 45 ದಿನ ಇಲ್ಲಿಂದ ಶುರು. ಊರಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ತಡೆ ತರುತ್ತೇವೆ ಎನ್ನುವವರ ಮಾತು ನಂಬಿ ಈ ದಿನಗಳನ್ನು ಕಳೆದುಕೊಳ್ಳಬೇಡಿ, ಕಾಯ್ದೆಯ 34ನೇ ಕಲಮು ಅದಕ್ಕೆ ಅಡ್ಡ ನಿಲ್ಲುತ್ತದೆ. ಬೀಗ ಹಾಕುವ ಭೌತಿಕ ಸ್ವಾಧೀನಕ್ಕೆ ಬ್ಯಾಂಕು 14ನೇ ಕಲಮಿನಡಿ ಜಿಲ್ಲಾ ದಂಡಾಧಿಕಾರಿಯ ನೆರವು ಪಡೆಯುತ್ತದೆ.

2016ರ ತಿದ್ದುಪಡಿಯ ನಂತರ ಹರಾಜಿನ ವಿಷಯದಲ್ಲಿ ಸಾಲಗಾರನ ಕೊನೆಯ ಗಡುವು ಹಿಂದಕ್ಕೆ ಸರಿದಿದೆ. ಮೊದಲು ಮಾರಾಟದ ದಿನದವರೆಗೂ ಹಣ ಕಟ್ಟಿ ಬಿಡಿಸಿಕೊಳ್ಳಬಹುದಿತ್ತು. ಈಗ ಹರಾಜಿನ ನೋಟಿಸು ಪ್ರಕಟವಾಗುವ ಮೊದಲೇ ಖರ್ಚು ಸಹಿತ ಪೂರ್ತಿ ಬಾಕಿ ಕಟ್ಟಬೇಕು. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಎತ್ತಿಹಿಡಿದಿದೆ. "ಹರಾಜಿನ ದಿನ ಹೇಗೋ ಹೊಂದಿಸಿದರಾಯಿತು" ಎಂದು ಕೂತವರು ಮನೆ ಕಳೆದುಕೊಳ್ಳುವುದು ಈ ಕಾರಣಕ್ಕೆ.

ತೀರಿಸುವ ಶಕ್ತಿ ಇಲ್ಲವೆಂದು ಖಚಿತವಾದರೆ ನೀವೇ ಮಾರಿ. ಹರಾಜಿನಲ್ಲಿ ಕೊಳ್ಳುವವರು ಅಗ್ಗಕ್ಕೆ ಸಿಗುವುದೆಂದೇ ಬರುತ್ತಾರೆ, ವಸೂಲಿಯ ಖರ್ಚೂ ನಿಮ್ಮ ತಲೆಗೇ ಬರುತ್ತದೆ. ಮಾರಿದ ಹಣ ಸಾಕಾಗದಿದ್ದರೆ ಉಳಿಕೆಗೆ ಬ್ಯಾಂಕು ಮತ್ತೆ ನಿಮ್ಮ ಮೇಲೆ ಬರಬಹುದು. ಹೆಚ್ಚು ಬಂದರೆ ಮಿಕ್ಕಿದ್ದು ನಿಮಗೆ ಸೇರಬೇಕು, ಲೆಕ್ಕ ಕೇಳಿ ಪಡೆಯಿರಿ. 13(2) ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಆದ್ದರಿಂದ ಕ್ರಯದ ಕರಾರಿಗೆ ಮೊದಲು ಒಪ್ಪಿಗೆ ಪತ್ರ ಪಡೆದು, ಬ್ಯಾಂಕಿಗೆ ಸೇರಬೇಕಾದ ಹಣವನ್ನು ಕೊಳ್ಳುವವರಿಂದ ನೇರ ಸಾಲದ ಖಾತೆಗೇ ಹಾಕಿಸಿ.

ಒಂದೇ ಬಾರಿಯ ತೀರುವಳಿಗೆ, ಅಂದರೆ ರಿಯಾಯಿತಿಯ ಮೊತ್ತ ಕಟ್ಟಿ ಸಾಲ ಮುಗಿಸಲು, ಬ್ಯಾಂಕು ಒಪ್ಪಿದರೆ ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಮಾತಿನ ಮೇಲೆ ದುಡ್ಡು ಸುರಿಯಬೇಡಿ. ಅದರ ಒಂದು ಗಡುವು ತಪ್ಪಿದರೂ ರಿಯಾಯಿತಿ ರದ್ದಾಗಬಹುದು.

ಸಾಲ ಪೂರ್ತಿ ತೀರಿದ ಮೇಲೆ ಮೂಲಪತ್ರಗಳನ್ನು 30 ದಿನದೊಳಗೆ ಮರಳಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನಿಮಗೆ ಬರಬೇಕು. ಅಡಮಾನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಹೊಸ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ.