ಬೇರೆ ರಾಜ್ಯದ ಪಬ್ಲಿಕ್ ಯೂನಿವರ್ಸಿಟಿ: ನಾವು ಲೆಕ್ಕ ಹಾಕಿ ಆರಿಸಿದ ಬಗೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಇರುವವರು ಮಗುವನ್ನು ಬೇರೆ ರಾಜ್ಯಕ್ಕೆ ಓದಲು ಕಳಿಸುವ ಮುಂಚೆ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಖರ್ಚನ್ನು ಒಂದು ಕಡೆ ಬರೆದಿಟ್ಟುಕೊಳ್ಳಬೇಕು. ಇನ್-ಸ್ಟೇಟ್ (ಅದೇ ರಾಜ್ಯದವರಿಗೆ ಇರುವ ಕಡಿಮೆ ದರ) ಆದರೂ ಡಾರ್ಮು (ಹಾಸ್ಟೆಲು), ಊಟ ಎಲ್ಲ ಸೇರಿ ಯುಸಿ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ. ನಾವು ಇಟ್ಟುಕೊಂಡ ಅಳತೆಗೋಲು ಇದೇ. ಹೊರರಾಜ್ಯದ ಯಾವ ಕಾಲೇಜಾದರೂ ನಾಲ್ಕು ವರ್ಷದ ಒಟ್ಟು ಖರ್ಚಿನಲ್ಲಿ ಇದರ ಆಸುಪಾಸಿಗೆ ಬರದಿದ್ದರೆ ಪಟ್ಟಿಯಿಂದ ಹೊರಗೆ.

ಎಕ್ಸೆಲ್ ಹಾಳೆಯಲ್ಲಿ ಟ್ಯೂಷನ್ ಒಂದನ್ನೇ ಬರೆದರೆ ಸಾಲದು. (ಇಲ್ಲಿನ ಟ್ಯೂಷನ್ ಎಂದರೆ ಕಾಲೇಜಿನ ಫೀಸು, ನಮ್ಮೂರಿನ ಮನೆಪಾಠವಲ್ಲ.) ಕಡ್ಡಾಯ ಫೀಸು, ಎಂಜಿನಿಯರಿಂಗ್ ಅಥವಾ ಬಿಸಿನೆಸ್ ವಿಭಾಗದವರು ಬೇರೆಯಾಗಿ ಹಾಕುವ ಫೀಸು, ಡಾರ್ಮ್, ಮೀಲ್ ಪ್ಲಾನ್, ವರ್ಷಕ್ಕೆ ಮೂರೋ ನಾಲ್ಕೋ ವಿಮಾನ ಟಿಕೆಟ್, ಬೇಸಿಗೆಯಲ್ಲಿ ಸಾಮಾನು ಇಡಲು ಸ್ಟೋರೇಜು, ಇವಕ್ಕೆಲ್ಲ ಒಂದೊಂದು ಕಾಲಂ ಬೇಕು. ಆರೋಗ್ಯ ವಿಮೆಯನ್ನು ಹೆಚ್ಚಿನವರು ಮರೆಯುತ್ತಾರೆ. ಅಪ್ಪ ಅಮ್ಮನ ಕಂಪನಿಯ ವಿಮೆಯಲ್ಲಿ ಮಗು 26ರವರೆಗೂ ಇರಬಹುದು, ನಿಜ. ಆದರೆ ಅದು ಎಚ್‌ಎಂಒ ಪ್ಲಾನ್ (ಗೊತ್ತುಪಡಿಸಿದ ಡಾಕ್ಟರು, ಆಸ್ಪತ್ರೆಗಳಲ್ಲಷ್ಟೇ ನಡೆಯುವ ವಿಮೆ) ಆಗಿದ್ದರೆ ಬೇರೆ ರಾಜ್ಯದಲ್ಲಿ ಸಾಮಾನ್ಯವಾಗಿ ತುರ್ತು ಚಿಕಿತ್ಸೆಗೆ ಮಾತ್ರ ಬರುತ್ತದೆ. ಆಗ ಯೂನಿವರ್ಸಿಟಿಯ ವಿಮೆಯನ್ನೇ ಕೊಳ್ಳಬೇಕಾದೀತು, ಆ ಹಣವನ್ನೂ ಸೇರಿಸಿಕೊಳ್ಳಿ.

ಆಮೇಲೆ ಮೊದಲ ವರ್ಷದ ಮೊತ್ತವನ್ನು ನಾಲ್ಕರಿಂದ ಗುಣಿಸುವ ತಪ್ಪು. ವರ್ಷಕ್ಕೆ ಶೇ. 4 ಏರುತ್ತದೆ ಎಂದುಕೊಂಡರೆ 4.25ರಿಂದ ಗುಣಿಸಬೇಕು. ಸ್ಕಾಲರ್‌ಶಿಪ್ ಹಾಗೆ ಏರುವುದಿಲ್ಲ, ಅದೇ ಇಲ್ಲಿನ ಪೆಟ್ಟು. ಒಟ್ಟು ಖರ್ಚು 45 ಸಾವಿರ, ಸ್ಕಾಲರ್‌ಶಿಪ್ 20 ಸಾವಿರ ಎನ್ನೋಣ. ಮೊದಲ ವರ್ಷ ಕೈಯಿಂದ ಹೋಗುವುದು 25 ಸಾವಿರ, ನಾಲ್ಕನೇ ವರ್ಷ 30 ಸಾವಿರಕ್ಕೂ ಮೇಲೆ. ನಾಲ್ಕು ವರ್ಷಕ್ಕೆ ಒಂದು ಲಕ್ಷ ಎಂದುಕೊಂಡದ್ದು ಒಂದು ಲಕ್ಷದ 11 ಸಾವಿರವಾಗುತ್ತದೆ.

ಹಾಗಾಗಿ ರಿಯಾಯಿತಿ ಯಾವ ಜಾತಿಯದು ಎನ್ನುವುದು ಮುಖ್ಯ. ಪಶ್ಚಿಮದ ರಾಜ್ಯಗಳಿಗೆ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಇದೆ, ಎಲ್ಲರೂ ‘ವೂಯಿ’ ಎನ್ನುತ್ತಾರೆ. ಇದರಲ್ಲಿ ಸೇರಿದ ಕಾಲೇಜು ಆ ರಾಜ್ಯದವರಿಗೆ ಹಾಕುವ ಟ್ಯೂಷನ್ನಿನ ಶೇ. 150ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಇನ್-ಸ್ಟೇಟ್ 10 ಸಾವಿರ, ಹೊರಗಿನವರಿಗೆ 30 ಸಾವಿರ ಇದ್ದರೆ ವೂಯಿಯಲ್ಲಿ ಗರಿಷ್ಠ 15 ಸಾವಿರ. ಫೀಸು ಏರಿದರೆ ನಮ್ಮದೂ ಏರುತ್ತದೆ, ಆದರೆ ಆ ಸಣ್ಣ ಮೊತ್ತದ ಮೇಲೆ. ಮಿಡ್‌ವೆಸ್ಟ್‌ನ ಕೆಲವು ರಾಜ್ಯಗಳವರಿಗೂ ತಮ್ಮತಮ್ಮಲ್ಲಿ ಶೇ. 150ರ ಇಂಥದೇ ಏರ್ಪಾಡಿದೆ. ಮಿನ್ನೆಸೋಟದವರಿಗೆ ವಿಸ್ಕಾನ್ಸಿನ್ ಮತ್ತು ಎರಡು ಡಕೋಟಾಗಳ ಜೊತೆ ಪ್ರತ್ಯೇಕ ಒಪ್ಪಂದವಿದೆ. ಟೆಕ್ಸಾಸಿನದು ಇನ್ನೊಂದು ಬಗೆ: ಯೂನಿವರ್ಸಿಟಿ ಸ್ಪರ್ಧೆಯ ಮೇಲೆ ಕೊಡುವ ಸ್ಕಾಲರ್‌ಶಿಪ್ ವರ್ಷಕ್ಕೆ 1,000 ಡಾಲರ್ ಆದರೂ ಇದ್ದರೆ, ಇನ್-ಸ್ಟೇಟ್ ದರವನ್ನೇ ಕೊಡಲು ಅವಕಾಶವಿದೆ. ಅಲ್ಲಿ ಸಾವಿರ ಡಾಲರಿಗಿಂತ ಅದರ ಹಿಂದೆ ಬರುವ ದರಕ್ಕೇ ಬೆಲೆ. ಇನ್ನು ಇಂಡಿಯಾನಾದ ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸದೆ ಹಿಡಿದಿಟ್ಟ ಕಾಲೇಜು. ದೊಡ್ಡ ರಿಯಾಯಿತಿ ಸಿಗದವರೂ ಅದನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು ಇದಕ್ಕೇ.

ವೂಯಿ ಪಟ್ಟಿಯಲ್ಲಿ ಹೆಸರಿದೆ ಎಂದು ಹಿಗ್ಗುವಂತಿಲ್ಲ. ಉದಾಹರಣೆಗೆ, ಬೇರೆ ರಾಜ್ಯದಿಂದ ಕ್ಯಾಲಿಫೋರ್ನಿಯಾಕ್ಕೆ ಬರುವವರಿಗೆ ಯುಸಿಯ ಕಡೆಯಿಂದ ಮರ್ಸೆಡ್ ಇದೆ, ಬರ್ಕ್ಲಿ, ಯುಸಿಎಲ್‌ಎ ಇಲ್ಲ. ಸೇರಿದ ಕಾಲೇಜುಗಳಲ್ಲೂ ಕೆಲವು ಕಡೆ ಸೀಟು ಇಷ್ಟೇ ಎಂಬ ಮಿತಿ, ಕೆಲವು ಕಡೆ ಕಂಪ್ಯೂಟರ್ ಸೈನ್ಸ್, ನರ್ಸಿಂಗ್ ಥರದ ಮುಖ್ಯ ವಿಷಯಗಳು, ಅಂದರೆ ಮೇಜರ್‌ಗಳು ಹೊರಗೆ. ಎರಡನೇ ವರ್ಷ ಮಗ ಮೇಜರ್ ಬದಲಿಸಿ ಹೊರಗಿಟ್ಟದ್ದಕ್ಕೆ ಹೋದರೆ ರಿಯಾಯಿತಿಯೂ ಹೋದೀತು. ಆದ್ದರಿಂದ ಮೊದಲ ಆಯ್ಕೆಯ ಮೇಜರ್ ಜೊತೆ ಎರಡನೆಯದನ್ನೂ ಹೆಸರಿಸಿ, ಎರಡಕ್ಕೂ ಈ ದರ ನಾಲ್ಕು ವರ್ಷ ನಿಲ್ಲುತ್ತದೆಯೇ ಎಂದು ಇಮೇಲಿನಲ್ಲೇ ಕೇಳಬೇಕು. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ಸಾಕ್ಷಿ ಇರುವುದಿಲ್ಲ.

ಮೆರಿಟ್ ಹಣದ ಬಗ್ಗೆ ಕಾಲೇಜಿನ ಬಣ್ಣದ ಬ್ರೋಷರು ನಂಬುವುದಕ್ಕಿಂತ ಕಾಮನ್ ಡೇಟಾ ಸೆಟ್ ತೆರೆಯಿರಿ. ಇದು ಬಹುಪಾಲು ಯೂನಿವರ್ಸಿಟಿಗಳು ತಮ್ಮ ಅಂಕಿಅಂಶಗಳನ್ನು ಒಂದೇ ನಮೂನೆಯಲ್ಲಿ ಪ್ರತಿ ವರ್ಷ ವೆಬ್‌ಸೈಟಿಗೆ ಹಾಕುವ ಕಡತ. ಅದರ ಎಚ್2ಎ ಎಂಬ ಭಾಗದಲ್ಲಿ, ಆರ್ಥಿಕ ಅಗತ್ಯ ಇಲ್ಲದ ಎಷ್ಟು ಮಂದಿಗೆ ಸ್ಕಾಲರ್‌ಶಿಪ್ ಕೊಟ್ಟರು, ಸರಾಸರಿ ಎಷ್ಟು ಎಂದು ಸಿಗುತ್ತದೆ. ಇಬ್ಬರೂ ಟೆಕ್ಕಿಗಳಾಗಿ ದುಡಿಯುವ ನಮ್ಮವರ ಮನೆಗಳಿಗೆ ಅನ್ವಯಿಸುವ ಸಾಲು ಅದೇ. ಬಿ ಭಾಗದಲ್ಲಿ ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದವರ ಸಂಖ್ಯೆ ಇದೆ. ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಎಂಟು ಸೆಮಿಸ್ಟರಿಗೆ ಮುಗಿಯುತ್ತದೆ. ಒಂಬತ್ತನೆಯದು ಬಂದರೆ ಪೂರಾ ಹೊರರಾಜ್ಯದ ದರ, ಅಷ್ಟೂ ವರ್ಷ ಉಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಸ್ಕಾಲರ್‌ಶಿಪ್ ಉಳಿಯಲು ಬೇಕಾದ ಜಿಪಿಎಯನ್ನೂ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ನೋಡಿ. 3.0 ಎಂದರೆ ಹೈಸ್ಕೂಲಿನಲ್ಲಿ ಸುಲಭ, ಎಂಜಿನಿಯರಿಂಗ್‌ನ ಮೊದಲ ವರ್ಷದ ಫಿಸಿಕ್ಸ್, ಕ್ಯಾಲ್ಕುಲಸ್ ಮುಂದೆ ಅಷ್ಟು ಸುಲಭವಲ್ಲ.

‘ಒಂದು ವರ್ಷ ಅಲ್ಲೇ ಇದ್ದರೆ ಇನ್-ಸ್ಟೇಟ್ ಆಗುತ್ತದೆ’ ಎನ್ನುವ ಮಾತು ಪಾಟ್‌ಲಕ್ ಊಟದ ಕೂಟಗಳಲ್ಲಿ ತಿರುಗುತ್ತಲೇ ಇರುತ್ತದೆ. ಓದಲೆಂದೇ ಬಂದ, ತಂದೆ ತಾಯಿಯ ಮೇಲೆ ಅವಲಂಬಿತ ವಿದ್ಯಾರ್ಥಿಗೆ ಬಹುತೇಕ ರಾಜ್ಯಗಳಲ್ಲಿ ಇದು ಆಗದ ಕೆಲಸ.

ಗ್ರೀನ್ ಕಾರ್ಡ್ ಸರದಿಯಲ್ಲಿ ಇರುವವರು ಇನ್ನೊಂದು ಕಾಲಂ ಹಾಕಲೇಬೇಕು. ಎಚ್-4 (ಎಚ್-1ಬಿ ನೌಕರರ ಅವಲಂಬಿತರ ವೀಸಾ) ಮೇಲಿನ ಮಗುವಿಗೆ ಫೆಡರಲ್ ನೆರವು ಸಿಗುವುದಿಲ್ಲ. 18ಕ್ಕೆ ಕಾಲೇಜು ಸೇರಿದ ಮಗುವಿಗೆ ಮೂರನೇ ವರ್ಷದ ಹೊತ್ತಿಗೆ 21 ತುಂಬುತ್ತದೆ. ಆಗ ಎಚ್-4 ಮುಗಿದು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಎಫ್-1 ಆದ ಮೇಲೂ ಅದೇ ದರ, ಅದೇ ಸ್ಕಾಲರ್‌ಶಿಪ್ ಮುಂದುವರಿಯುತ್ತದೆಯೇ ಎನ್ನುವುದಕ್ಕೆ ಒಂದೊಂದು ಕಾಲೇಜು ಒಂದೊಂದು ಉತ್ತರ ಕೊಡುತ್ತದೆ. ಅಡ್ಮಿಷನ್ ಆಫೀಸ್, ಫೈನಾನ್ಶಿಯಲ್ ಏಡ್, ಇಂಟರ್‌ನ್ಯಾಷನಲ್ ಆಫೀಸ್ ಮೂರಕ್ಕೂ ಒಂದೇ ಇಮೇಲ್ ಕಳಿಸಿ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಾಳೆಯಾಗದಿದ್ದರೆ ಸೇರುವ ಮುಂಚೆಯೇ ಗೊತ್ತಾಗಲಿ.

ತಾರೀಖುಗಳು: ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಅಪ್ಲಿಕೇಷನ್ ಹಾಕಲು ಜನವರಿವರೆಗೆ ಸಮಯ ಕೊಡುವ ಕಾಲೇಜೂ ಮೆರಿಟ್ ಹಣಕ್ಕೆ ನವೆಂಬರಿನಲ್ಲೇ ಗಡುವು ಇಟ್ಟಿರಬಹುದು. ನಾವು ಎಲ್ಲವನ್ನೂ ಅಕ್ಟೋಬರ್ ಕೊನೆಗೆ ಮುಗಿಸುವುದು ಎಂದೇ ಇಟ್ಟುಕೊಂಡೆವು. ಕೆಲವು ಕಡೆ ವೂಯಿಗೆ ಬೇರೆಯೇ ಫಾರ್ಮ್ ಇರುತ್ತದೆ, ಪೋರ್ಟಲ್‌ನಲ್ಲಿ ಹುಡುಕಿ ನೋಡಿ.

529 ಖಾತೆಯ (ಓದಿನ ಖರ್ಚಿಗೆಂದು ಉಳಿಸುವ, ತೆರಿಗೆ ರಿಯಾಯಿತಿಯ ಖಾತೆ) ಹಣವನ್ನು ಯಾವ ರಾಜ್ಯದ ಕಾಲೇಜಿಗಾದರೂ ಬಳಸಬಹುದು. ಆದರೆ ನಿಮ್ಮ ಆದಾಯ, ಕಾಲೇಜು ಖರ್ಚಿಗೆ ತೆರಿಗೆಯಲ್ಲಿ ಕಡಿತ ಕೊಡುವ ಅಮೆರಿಕನ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ಟಿನ ಮಿತಿಯೊಳಗಿದ್ದರೆ (ಜಂಟಿಯಾಗಿ ಸಲ್ಲಿಸುವವರಿಗೆ 1,80,000 ಡಾಲರಿಗೆ ಪೂರ್ತಿ ನಿಲ್ಲುತ್ತದೆ) ವರ್ಷಕ್ಕೆ ಟ್ಯೂಷನ್ನಿನ 4,000 ಡಾಲರನ್ನು 529ರಿಂದ ಕೊಡದೆ ಕೈಯಿಂದ ಕಟ್ಟಿ. ಆ 4,000ಕ್ಕೆ 2,500ರವರೆಗೆ ಕ್ರೆಡಿಟ್ ಸಿಗುತ್ತದೆ. ಒಂದೇ ಖರ್ಚನ್ನು ಎರಡೂ ಕಡೆ ತೋರಿಸುವಂತಿಲ್ಲ.

ಮೇ 1ಕ್ಕೆ ಡೆಪಾಸಿಟ್ ಕಟ್ಟುವ ಮುಂಚೆ ಅವಾರ್ಡ್ ಲೆಟರನ್ನೂ, ಷರತ್ತಿನ ಪುಟವನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ವೆಬ್‌ಸೈಟಿನ ಪುಟ ಮುಂದಿನ ವರ್ಷ ಬದಲಾಗಿರುತ್ತದೆ.