ಕರೆಂಟ್ ಹೋದ ದಿನ ಸಿಕ್ಕ ಕ್ವಾರಿ ಲೆಕ್ಕ

"ಕ್ವಾರಿಯಿಂದ ನಮ್ಮ ಬೋರ್‌ವೆಲ್ ಬತ್ತಿತು" ಎಂದು ರೈತರ ಅರ್ಜಿ. "ನಮ್ಮದು ಗಟ್ಟಿ ಬಂಡೆ, ಅಲ್ಲಿ ನೀರೇ ಇಲ್ಲ" ಎಂದು ಗುತ್ತಿಗೆದಾರರ ಉತ್ತರ. ವರದಿ ಬರೆಯಬೇಕಾದವರು ನಾವು. ಕ್ವಾರಿ ಗುಂಡಿಯನ್ನು ಒಣಗಿಸಲು ಎತ್ತುವ ನೀರಿನ ಪರಿಣಾಮವನ್ನು ಸುತ್ತಲಿನ ಪಂಪ್‌ಸೆಟ್‌ಗಳ ಪರಿಣಾಮದಿಂದ ಬಿಡಿಸಿ ತೋರಿಸುವುದು ಬಯಲುಸೀಮೆಯ ಗಟ್ಟಿಶಿಲೆಯಲ್ಲಿ ಆಗದ ಕೆಲಸ ಎಂದು ಹಿರಿಯರೆಲ್ಲ ಕೈಚೆಲ್ಲಿದ್ದರು. ಆಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಕಟ್ಟಡಕಲ್ಲಿನ ಕ್ವಾರಿಯ ಸುತ್ತ ಎರಡು ವರ್ಷ ಮಾಡಿದ್ದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ಹೆಚ್ಚುಕಮ್ಮಿ ಇರಬಹುದು.

ಕೆಲಸಕ್ಕೆ ಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ. ಇಂಗುವ ನೀರಿಗೆ ಎತ್ತುವ ನೀರನ್ನು ಹೋಲಿಸುವ ಸರ್ಕಾರಿ ವಿಧಾನವಾದ ಜಿಇಸಿ 2015ರ ತಾಲ್ಲೂಕು ಲೆಕ್ಕ ಇಲ್ಲಿ ಏನೂ ಹೇಳುವುದಿಲ್ಲ. ತಾಲ್ಲೂಕೇ ಶೇ. 100 ದಾಟಿ ಅತಿಬಳಕೆ ಪಟ್ಟಿಯಲ್ಲಿರುವಾಗ ಒಂದು ಗುಂಡಿಯ ನೀರು ಅದರಲ್ಲಿ ಎಲ್ಲಿ ಕಾಣಬೇಕು? ಮೇ ಮತ್ತು ನವೆಂಬರ್ ಮಟ್ಟಗಳನ್ನು ಹೋಲಿಸಿದೆವು, ಎರಡು ವರ್ಷದ ಮಳೆಯ ವ್ಯತ್ಯಾಸವೇ ಎಲ್ಲವನ್ನೂ ನುಂಗಿತು. ಕನ್ಸಲ್ಟೆಂಟ್ ಒಬ್ಬರಿಂದ ಮಾಡ್‌ಫ್ಲೋ ಮಾದರಿ (ಅಂತರ್ಜಲದ ಹರಿವಿನ ಕಂಪ್ಯೂಟರ್ ಲೆಕ್ಕ) ಮಾಡಿಸಿದ್ದಕ್ಕೆ ಆರು ಲಕ್ಷದ ಹತ್ತಿರ ಖರ್ಚಾಯಿತು. ಬಣ್ಣದ ನಕ್ಷೆಗಳು ಚೆನ್ನಾಗಿದ್ದವು. ಆದರೆ ಬಂಡೆ ಎಷ್ಟು ಸುಲಭವಾಗಿ ನೀರು ಹರಿಯಬಿಡುತ್ತದೆ ಎನ್ನುವ ವಾಹಕತೆಯ ಒಂದು ಅಂಕಿಯನ್ನು ಮೂರು ಪಟ್ಟು ಮಾಡಿದರೆ ಕ್ವಾರಿ ಅಪರಾಧಿ, ಮೂರರಲ್ಲೊಂದು ಮಾಡಿದರೆ ನಿರಪರಾಧಿ. ಸೀಳುಬಂಡೆಯನ್ನು ಒಂದೇ ಸಮ ಮರಳಿನ ಪದರ ಎಂದು ಹಿಡಿದ ಮಾದರಿಯಿಂದ ಇನ್ನೇನು ಬಂದೀತು.

ಉಪ್ಪಿನ ಪ್ರಯೋಗವೂ ಹಾಳಾಯಿತು. ಗುಂಡಿಯ ಪಕ್ಕದ ಒಣ ಬೋರ್‌ಗೆ 50 ಕೆ.ಜಿ. ಉಪ್ಪು ಕರಗಿಸಿ ಹಾಕಿ, ಮೂರು ವಾರ ಹೊಲದ ಬಾವಿಗಳಲ್ಲಿ ಇಸಿ (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ನೋಡಿದೆವು. ಏನೂ ಇಲ್ಲ. ತಪ್ಪು ಆಮೇಲೆ ಹೊಳೆಯಿತು: ನೀರೆತ್ತುತ್ತಿರುವಾಗ ಸುತ್ತಲಿನದೆಲ್ಲ ಗುಂಡಿಯ ಕಡೆಗೇ ಹರಿಯುತ್ತದೆ. ಮೀಟರ್ ಇಡಬೇಕಾಗಿದ್ದದ್ದು ಗುಂಡಿಯಲ್ಲಿ. ಉಪ್ಪಿಗೆ ಐನೂರು ರೂಪಾಯಿ, ಜೀಪಿಗೆ ಹತ್ತು ಸಾವಿರ. ನೈಟ್ರೇಟ್ ನೋಡುವವರು ಮಾಡುವ ತಪ್ಪೂ ಇದೇ. ಸಿಡಿಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುವುದರಿಂದ ಗುಂಡಿ ನೀರಿನಲ್ಲಿ ನೈಟ್ರೇಟ್ ಏರುವುದು ನಿಜ. ಹೊಲದ ಬಾವಿಯಲ್ಲಿ ಅದು ಕಾಣಲಿಲ್ಲ ಎಂದ ಮಾತ್ರಕ್ಕೆ ಕ್ವಾರಿಗೆ ಸರ್ಟಿಫಿಕೇಟ್ ಕೊಡಬೇಡಿ, ನೀರು ಆ ದಿಕ್ಕಿಗೆ ಹೋಗುವುದೇ ಇಲ್ಲ. ಗುಂಡಿ ನೀರನ್ನು ಬಿಡುವ ಹಳ್ಳದ ಕೆಳಗಿನ ಬಾವಿಗಳಲ್ಲಿ ನೋಡಿ. ಅಲ್ಲೂ ಕ್ಲೋರೈಡ್ ಜೊತೆಗಿಟ್ಟು ಓದಿ: ಕೊಟ್ಟಿಗೆ, ಶೌಚದ ಗುಂಡಿಯಿಂದ ಬಂದ ನೈಟ್ರೇಟ್ ಕ್ಲೋರೈಡನ್ನೂ ಕರೆತರುತ್ತದೆ, ಮದ್ದಿನಿಂದ ಬಂದದ್ದು ತರುವುದಿಲ್ಲ. ಆದರೆ ಯೂರಿಯಾ ಸುರಿದ ಹೊಲದ ಪಕ್ಕ ಈ ಗುರುತೂ ಕೈಕೊಡುತ್ತದೆ.

ಕೊನೆಗೆ ಫಲ ಕೊಟ್ಟದ್ದು ಕರೆಂಟ್. ಪಂಪ್‌ಸೆಟ್ ಫೀಡರ್‌ಗೆ (ಸಬ್‌ಸ್ಟೇಷನ್‌ನಿಂದ ಹೊಲಗಳಿಗೆ ಬರುವ ಲೈನ್) ತ್ರೀ ಫೇಸ್ ಬರುವುದು ದಿನಕ್ಕೆ ಸುಮಾರು 7 ಗಂಟೆ, ಅದೂ ಎರಡು ಕಂತಿನಲ್ಲಿ. ಎಲ್ಲರ ಮೋಟರ್‌ಗೂ ಆಟೋ ಸ್ಟಾರ್ಟರ್ ಇದೆ, ಆದ್ದರಿಂದ ಕರೆಂಟ್ ಬಂದ ನಿಮಿಷದಲ್ಲೇ ನಲವತ್ತು ಮೋಟರ್ ಒಟ್ಟಿಗೆ ಓಡುತ್ತವೆ, ಹೋದ ಕೂಡಲೇ ಒಟ್ಟಿಗೆ ನಿಲ್ಲುತ್ತವೆ. ಕ್ವಾರಿಯ ಪಂಪ್ ಡೀಸೆಲ್ ಜನರೇಟರ್‌ನಲ್ಲಿ ಓಡುತ್ತದೆ, ಅದಕ್ಕೆ ಫೀಡರ್‌ನ ಹಂಗಿಲ್ಲ. ಹಾಗಾಗಿ ಎರಡು ಸಂದರ್ಭ ಹುಡುಕಬೇಕು. ರೈತರ ಮೋಟರ್‌ಗಳೆಲ್ಲ ನಿಂತು ಕ್ವಾರಿ ಪಂಪ್ ಓಡುವ ಹೊತ್ತು ಒಂದು. ಕ್ವಾರಿ ನಿಂತು ರೈತರ ಮೋಟರ್ ಓಡುವ ಹೊತ್ತು ಇನ್ನೊಂದು. ಎರಡೂ ಒಂದೇ ಉತ್ತರ ಕೊಟ್ಟರೆ ಯಾರೂ ಅಲ್ಲಾಡಿಸಲಾರರು.

ಮೊದಲನೆಯದು ಏಪ್ರಿಲ್–ಮೇ ಗಾಳಿಮಳೆಯಲ್ಲಿ ಸಿಗುತ್ತದೆ. ಕಂಬ ಬೀಳುತ್ತದೆ, ಫೀಡರ್ ಒಂದು ದಿನ ಸತ್ತಿರುತ್ತದೆ. ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮಾತ್ರ ಸುಟ್ಟರೆ ಸಾಲದು, ಇಡೀ ಫೀಡರ್ ಹೋಗಬೇಕು. ಹೋದ ಮತ್ತು ಬಂದ ಗಂಟೆಯನ್ನು ಸಬ್‌ಸ್ಟೇಷನ್ ಲಾಗ್ ಬುಕ್‌ನಿಂದಲೇ ಬರೆದುಕೊಳ್ಳಿ, ಊರಿನವರ ನೆನಪು ಮೂರು ಗಂಟೆ ಆಚೀಚೆ ಆಗುತ್ತದೆ. ಎರಡನೆಯದಕ್ಕೆ ಮೊದಲು ಆಯುಧಪೂಜೆಯನ್ನು ನಂಬಿಕೊಂಡಿದ್ದೆವು. ಕ್ವಾರಿ ನಿಂತಿತು ಸರಿ, ಆದರೆ ಹಿಂಗಾರು ಸುರಿದು ರೈತರೂ ಮೋಟರ್ ಆಫ್ ಮಾಡಿದರು. ಆ ವರ್ಷದ ಶ್ರಮ ನೀರುಪಾಲು. ಸರಿಯಾದ ಸಮಯ ಯುಗಾದಿ. ಹಬ್ಬ, ಮಾರನೇ ದಿನ ಹೊಸತೊಡಕು, ಅದರ ಮಾರನೇ ದಿನವೂ ಕೆಲಸಗಾರರು ಬರುವುದಿಲ್ಲ. ಬೇಸಿಗೆಯ ಬೆಳೆಗೆ ನೀರು ಬೇಕೇ ಬೇಕು, ಆಟೋ ಸ್ಟಾರ್ಟರ್‌ಗೆ ಹಬ್ಬ ಗೊತ್ತಿಲ್ಲ. ಆ ದಿನಗಳಲ್ಲಿ ಮಳೆ ಬಿದ್ದಿಲ್ಲ ಎಂಬುದನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವಾದ ಕೆಎಸ್‌ಎನ್‌ಡಿಎಂಸಿಯ ಗ್ರಾಮ ಪಂಚಾಯಿತಿ ಮಳೆಮಾಪಕದಲ್ಲಿ ನೋಡಿಕೊಂಡರೆ ಮುಗಿಯಿತು.

ಬಾವಿಗಳ ಆಯ್ಕೆಯಲ್ಲಿ ಆತುರ ಬೇಡ. ಒಂದೂವರೆ ಕಿ.ಮೀ. ಒಳಗೆ 53 ಬೋರ್‌ವೆಲ್ ಎಣಿಸಿದೆವು. ಎಲ್ಲದರ ಕೇಸಿಂಗ್ ತುದಿ ಮತ್ತು ಕ್ವಾರಿಯ ತಳದ ಎತ್ತರವನ್ನು ಡಿಜಿಪಿಎಸ್‌ನಲ್ಲಿ (ಸರ್ವೇಗೆ ಬಳಸುವ ನಿಖರ ಜಿಪಿಎಸ್) ತೆಗೆಯಿರಿ. ಮೊಬೈಲ್ ಜಿಪಿಎಸ್ ಎತ್ತರದಲ್ಲಿ ಹತ್ತು ಮೀಟರ್ ತಪ್ಪುವುದು ಮಾಮೂಲು. ಎಲ್ಲ ಮಟ್ಟಗಳನ್ನೂ ಸಮುದ್ರಮಟ್ಟದಿಂದ ಬರೆದಾಗ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ: ನೀರಿನ ಮಟ್ಟವೇ ಗುಂಡಿಯ ತಳಕ್ಕಿಂತ ಕೆಳಗಿರುವ ಬಾವಿಯಿಂದ ಗುಂಡಿ ನೀರು ಎಳೆಯಲಾರದು. ಮೇಲಿನಿಂದ ಇಂಗಿ ಬರುವುದನ್ನು ತಡೆಯಬಹುದು, ಅದು ಬೇರೆ ಲೆಕ್ಕ. ನಮ್ಮ ಗುಂಡಿ ಸುಮಾರು 45 ಮೀಟರ್ ಆಳ. ಇಪ್ಪತ್ತರಷ್ಟು ಬಾವಿ ಹೀಗೆ ಪಟ್ಟಿಯಿಂದ ಹೊರಬಿದ್ದವು, ಅವುಗಳಲ್ಲಿ ಅರ್ಜಿದಾರರದ್ದೂ ಕೆಲವು.

ಓಡುವ ಬೋರ್‌ಗೆ ಉಪಕರಣ ಇಳಿಸಬೇಡಿ, ಪೈಪ್ ಮತ್ತು ಕೇಬಲ್ ನಡುವೆ ಸಿಕ್ಕಿಕೊಂಡರೆ ಮೋಟರ್ ಎತ್ತಿಸುವ ಖರ್ಚೂ ನಿಮ್ಮದೇ. ಕೈಬಿಟ್ಟ ಬೋರ್‌ಗಳೇ ಸಾಕು, ಆದರೆ ಅವು ಸತ್ತಿರಬಾರದು. ಪರೀಕ್ಷೆ ಸುಲಭ: ಆರೂವರೆ ಇಂಚಿನ ಬೋರ್‌ಗೆ 40 ಲೀಟರ್ ಸುರಿದರೆ ಮಟ್ಟ ಸುಮಾರು 1.9 ಮೀಟರ್ ಏರಬೇಕು. ಗೋಡೆಯ ನೀರು ಇಳಿಯಲು ಹತ್ತು ನಿಮಿಷ ಬಿಟ್ಟು ನೋಡುತ್ತಾ ಹೋಗಿ. ಒಂದು ಗಂಟೆಯಲ್ಲಿ ಅರ್ಧವೂ ಇಳಿಯದಿದ್ದರೆ ಆ ಬೋರ್ ಯಾವ ಸೀಳಿಗೂ ಸೇರಿಲ್ಲ, ಬರೀ ನೀರು ನಿಂತ ಕೊಳವೆ. ಹನ್ನೊಂದು ನೋಡಿ ಆರನ್ನು ಉಳಿಸಿಕೊಂಡೆವು. ಮಟ್ಟ ಅಳೆಯಲು ಇಳಿಸುವ, ನೀರು ತಾಗಿದರೆ ಕೂಗುವ ಸೌಂಡರ್ ಬೇಗ ಕೂಗಿದರೆ ನಂಬಬೇಡಿ. ಮೇಲಿನ ಸೀಳಿನಿಂದ ಗೋಡೆಗುಂಟ ಜಿನುಗುವ ನೀರು ತಾಗಿದರೂ ಅದು ಕೂಗುತ್ತದೆ. ಇನ್ನೂ ಐದು ಮೀಟರ್ ಇಳಿಸಿ, ಕೂಗು ಕಡಿಯದೆ ಇದ್ದರೆ ಮಾತ್ರ ನಿಜವಾದ ಮಟ್ಟ.

ನೀರಿನ ಮಟ್ಟವನ್ನು ತಾವೇ ದಾಖಲಿಸುವ ಲಾಗರ್‌ಗಳು ತಲಾ ನಲವತ್ತು ಸಾವಿರದ ಆಸುಪಾಸು. ಮೊದಲು ತಂದದ್ದು 10 ಮೀಟರ್ ಶ್ರೇಣಿಯವು, ಅಗ್ಗ ಎಂದು. ದಿನದ ಏರಿಳಿತವೇ ಕೆಲವು ಬಾವಿಗಳಲ್ಲಿ 12–14 ಮೀಟರ್ ಇತ್ತು. ಒಂದು ನೀರಿಲ್ಲದೆ ಗಾಳಿಯಲ್ಲಿ ನೇತಾಡಿತು. ಇನ್ನೊಂದನ್ನು ಹೆಚ್ಚು ಆಳಕ್ಕೆ ಬಿಟ್ಟಾಗ ಒತ್ತಡಕ್ಕೆ ಸೆನ್ಸರ್ ಒಡೆಯಿತು. 30 ಮೀಟರ್‌ನದ್ದೇ ತೆಗೆದುಕೊಳ್ಳಿ, ನಿಂತ ನೀರಿಗಿಂತ 20–25 ಮೀಟರ್ ಕೆಳಗೆ ತೂಗುಹಾಕಿ. ನೈಲಾನ್ ಹಗ್ಗ ಬೇಡ, ಮೊದಲ ವಾರವಿಡೀ ಹಿಗ್ಗುತ್ತಾ ನೀರು ಏರಿದಂತೆ ಸುಳ್ಳು ತೋರಿಸುತ್ತದೆ. ಒಂದೂವರೆ ಮಿ.ಮೀ. ಸ್ಟೀಲ್ ತಂತಿ ಸಾಕು. ಬಾಯಿಗೆ ಬೀಗದ ಮುಚ್ಚಳ ಕಡ್ಡಾಯ, ಮಕ್ಕಳ ದೃಷ್ಟಿಯಿಂದಲೂ. 15 ನಿಮಿಷಕ್ಕೊಂದು ಓದು. ಗಾಳಿಯ ಒತ್ತಡಕ್ಕೆ ಇನ್ನೊಂದು ಲಾಗರ್ ಮೇಲಿರಲಿ. ನಮ್ಮಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿಳಿಯುತ್ತದೆ, ಕಳೆಯದೆ ಬಿಟ್ಟರೆ ಮೂರು ನಾಲ್ಕು ಸೆಂ.ಮೀ.ನ ಅಲೆ ಯಾರದೋ ಪಂಪ್‌ನಂತೆ ಕಾಣುತ್ತದೆ. ರಾತ್ರಿ ಸಿಂಗಲ್ ಫೇಸ್‌ನಲ್ಲಿ ಕಂಡೆನ್ಸರ್ ಹಾಕಿ ಮೋಟರ್ ಓಡಿಸುವವರೂ ಇದ್ದಾರೆ. ಅವರ ಗುರುತು ಗರಗಸದ ಹಲ್ಲಿನಂತೆ ರೇಖೆಯಲ್ಲಿ ಬೀಳುತ್ತದೆ. ಹೆಸರು ಕೇಳಲು ಹೋಗಬೇಡಿ, ಆ ಗಂಟೆಗಳನ್ನು ಬಿಟ್ಟುಬಿಡಿ.

ಕ್ವಾರಿಯ ಪಂಪ್ ನಿಜವಾಗಿ ಎಷ್ಟು ಗಂಟೆ ಓಡಿತು ಎಂಬುದಕ್ಕೆ ಅವರ ಪುಸ್ತಕವನ್ನು ನಂಬಲಿಲ್ಲ. ಅದನ್ನು ತಿಳಿಯಲು ಇನ್ನೂರು ರೂಪಾಯಿ ಒಳಗಿನ ಒಂದು ಉಪಾಯ ಇದೆ. ಮುಂದಿನ ಕ್ವಾರಿಗಳಲ್ಲೂ ಬೇಕಾಗುವುದರಿಂದ ಇಲ್ಲಿ ಬರೆಯುವುದಿಲ್ಲ.

ಫಲ ಹೀಗೆ ಬಂತು. ಫೀಡರ್ 31 ಗಂಟೆ ಸತ್ತಿದ್ದಾಗ ಆರೂ ಬಾವಿಗಳು ಮೊದಲು ಚೇತರಿಸಿಕೊಂಡವು. ಮೂರರ ರೇಖೆ ಎಂದಿನಂತೆ ಏರಿ ಮಟ್ಟಸವಾಯಿತು. ಉಳಿದ ಮೂರು ಹನ್ನೆರಡು ಗಂಟೆಯ ಹೊತ್ತಿಗೆ ಏರುವುದು ನಿಲ್ಲಿಸಿ ಗಂಟೆಗೆ 4–5 ಸೆಂ.ಮೀ. ಇಳಿಯತೊಡಗಿದವು. ಸುತ್ತ ಒಂದು ಮೋಟರೂ ಓಡದಿರುವಾಗ! ಯುಗಾದಿಯಲ್ಲಿ ಅದೇ ಮೂರು ಬಾವಿಗಳಲ್ಲಿ, ಕರೆಂಟ್ ಬರುವ ಮುಂಚಿನ ಬೆಳಗಿನ ಮಟ್ಟ ಮೂರು ದಿನಕ್ಕೆ ಒಟ್ಟು ಮೂರೂವರೆ ಮೀಟರ್ ಏರಿತು. ಬೇರೆ ಮೂರರಲ್ಲಿ ಏನೂ ಬದಲಾಗಲಿಲ್ಲ. ದೂರಕ್ಕೂ ಇದಕ್ಕೂ ಸಂಬಂಧವಿಲ್ಲ: 300 ಮೀಟರ್‌ನ ಬಾವಿಗೆ ಏನೂ ಆಗಿಲ್ಲ, 1.1 ಕಿ.ಮೀ.ನ ಬಾವಿಗೆ ಪೆಟ್ಟು. ನಡುವೆ ಡೊಲೆರೈಟ್ ಡೈಕ್ (ಬಂಡೆಯೊಳಗೆ ಗೋಡೆಯಂತಿರುವ ಕಪ್ಪುಶಿಲೆ) ಅಡ್ಡ ನಿಂತಿದೆ, ಪೆಟ್ಟು ತಿಂದ ಮೂರೂ ಒಂದೇ ಬಿರುಕಿನ ಸಾಲಿನಲ್ಲಿವೆ. ಕ್ವಾರಿ ಸುತ್ತ 500 ಮೀಟರ್ ವೃತ್ತ ಎಳೆದು ಪರಿಣಾಮ ಹೇಳುವ ವರದಿಗಳನ್ನು ನಾನು ಈಗ ಓದುವುದೇ ಇಲ್ಲ.

ಯುಗಾದಿಯ ರಜೆಯಲ್ಲಿ ಇನ್ನೊಂದು ಅಂಕಿ ಪುಕ್ಕಟೆ ಸಿಕ್ಕಿತು. ಪಂಪ್ ನಿಂತಿದ್ದರಿಂದ ಗುಂಡಿಯ ತಳದ ಹೊಂಡ, ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲ, 24 ಗಂಟೆಗೆ 20 ಸೆಂ.ಮೀ. ಏರಿತು. ಅಂದರೆ ದಿನಕ್ಕೆ 120 ಘನ ಮೀಟರ್ ಅಂತರ್ಜಲ. ಆವಿ ಕೆಲವೇ ಘನ ಮೀಟರ್, ಬಿಟ್ಟಿದ್ದೇನೆ. ಇದನ್ನು ರೈತರ ಭಾಷೆಗೆ ಇಳಿಸಬೇಕು. 90 ಡಿಗ್ರಿ ವಿ ನಾಚ್‌ನಲ್ಲಿ (ಹರಿವು ಅಳೆಯುವ, ವಿ ಆಕಾರದ ಕಚ್ಚಿರುವ ತಗಡು) ಎರಡು ಇಂಚು ನೀರು ಎಂದರೆ ಗಂಟೆಗೆ ಸುಮಾರು 2,900 ಲೀಟರ್, 7 ಗಂಟೆಗೆ 20 ಘನ ಮೀಟರ್. ಅಲ್ಲಿಗೆ ಕ್ವಾರಿ ಆರು ಬೋರ್‌ವೆಲ್‌ಗೆ ಸಮ. ಓಡುವ ನಲವತ್ತು ಬೋರ್ ಸೇರಿ ದಿನಕ್ಕೆ 800 ಘನ ಮೀಟರ್ ಎತ್ತುತ್ತವೆ, ಒಟ್ಟಿನಲ್ಲಿ ಕ್ವಾರಿಯ ಪಾಲು ಶೇ. 13. ಬಿರುಕಿನ ಸಾಲಿನ ಮೂರು ಬಾವಿಗಳಲ್ಲಿ ಮಾತ್ರ ಇಳಿತದ ಅರ್ಧಕ್ಕಿಂತ ಹೆಚ್ಚು ಅದರದೇ. ಈ ಎರಡು ಅಂಕಿಗಳನ್ನು ಒಂದೇ ಪುಟದಲ್ಲಿ ಬರೆಯಿರಿ, ಬಿಡಿಬಿಡಿಯಾಗಿ ಬರೆದರೆ ಒಬ್ಬೊಬ್ಬರು ಒಂದೊಂದನ್ನು ಹರಿದುಕೊಂಡು ಹೋಗುತ್ತಾರೆ.

ಇಂಚಿನ ಬಗ್ಗೆ ಒಂದು ಮಾತು. ಹೇಳಿಕೆ ಬರೆದುಕೊಳ್ಳುವಾಗ "ಎರಡು ಇಂಚು ಇದ್ದದ್ದು ಒಂದಾಯಿತು" ಎಂದರೆ ಅರ್ಧ ಎಂದು ಬರೆಯಬೇಡಿ. ವಿ ನಾಚ್‌ನಲ್ಲಿ ನೀರು ಎತ್ತರದ ಎರಡೂವರೆ ಘಾತಕ್ಕೆ ಹೋಗುತ್ತದೆ, ಉಳಿದದ್ದು ಆರರಲ್ಲಿ ಒಂದು ಪಾಲು. ರೈತ ಹೇಳುವ ಇಂಚು ಕೊರೆದ ದಿನ ಕಂಪ್ರೆಸರ್ ಗಾಳಿಯಲ್ಲಿ ಚಿಮ್ಮಿದ ನೀರಿನದ್ದು ಎಂಬುದೂ ನೆನಪಿರಲಿ, ಮೋಟರ್ ಇಳಿಸಿದ ಮೇಲೆ ಅಷ್ಟು ಬರುವುದು ಅಪರೂಪ.

ಸಿಡಿತದಿಂದ ಸೀಳು ಮುಚ್ಚಿಹೋಗುತ್ತದೆ ಎಂಬ ದೂರಿಗಾಗಿ ಹದಿನೈದು ದಿನ ಒಂದು ಲಾಗರನ್ನು ನಿಮಿಷಕ್ಕೊಂದು ಓದಿಗೆ ಇಟ್ಟೆವು. ಸಿಡಿತದ ಹೊತ್ತಿಗೆ ಕೆಲವು ಸೆಂ.ಮೀ. ಜಿಗಿತ, ಸ್ವಲ್ಪ ಹೊತ್ತಿನಲ್ಲಿ ಹಳೇ ಮಟ್ಟ. ಒಂದೇ ಬಾವಿಯ ಹದಿನೈದು ದಿನ, ಅದರ ಮೇಲೆ ತೀರ್ಪು ಬರೆಯಲಿಲ್ಲ.

ಎರಡನೇ ವರ್ಷ ಪಕ್ಕದ ಕೆರೆಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬಂತು. ಕೆರೆ ಕೆಳಗಿನ ಎರಡು ಬಾವಿಗಳ ಮಟ್ಟ ಏರತೊಡಗಿತು, ಕ್ಲೋರೈಡ್ ಕೂಡ. ಆ ಎರಡರ ನಂತರದ ಓದುಗಳನ್ನು ಲೆಕ್ಕದಿಂದ ತೆಗೆದೆವು. ಬಿರುಕಿನ ಸಾಲಿನ ಮೂರು ಬಾವಿಗಳು ಕೆರೆಯ ಆಚೆ ಮಗ್ಗುಲಿಗಿದ್ದದ್ದರಿಂದ ಉಳಿದುಕೊಂಡವು. ಒಟ್ಟು ಖರ್ಚು, ಒಡೆದ ಲಾಗರ್ ಸೇರಿ, ನಾಲ್ಕು ಲಕ್ಷ ಮುಟ್ಟಲಿಲ್ಲ. ಮಾದರಿಯ ಬಿಲ್ ಬೇರೆ.