ಹಿರೋಶಿಗೆಯ ಮಳೆ ಕೆತ್ತಿ ಗೋಡೆಗೆ ಹಾಕಿದ್ದು – ನನ್ನ ಅನುಭವ

ನಾನಿರೋದು ಟೋಕಿಯೋದ ಫುನಾಬೋರಿಯಲ್ಲಿ. ದಿನಾ ಆಫೀಸಿಗೆ ಹೋಗೋ ಟ್ರೇನು ಮೊರಿಶಿತಾ ದಾಟಿದ ಮೇಲೆ ಸುಮಿದಾ ನದಿಯ ಅಡಿಯಲ್ಲಿ ಹಾದು ಹಮಾಚೋಗೆ ಹೋಗುತ್ತೆ. ಅಲ್ಲೇ ಮೇಲುಗಡೆ ಶಿನ್ ಓಹಾಶಿ ಅನ್ನೋ ಸೇತುವೆ ಇದೆ. ಈಗಿರೋದು 1977ರ ಉಕ್ಕಿನ ಸೇತುವೆ, ಆದ್ರೆ ಅದು ಮರದ್ದಾಗಿದ್ದ ಕಾಲದಲ್ಲಿ, 1857ರಲ್ಲಿ, ಹಿರೋಶಿಗೆ ಅನ್ನೋ ಜಪಾನಿ ಚಿತ್ರಕಾರ ಅದರ ಮೇಲೆ ದಿಢೀರ್ ಅಂತ ಸುರಿದ ಮಳೆ ಬರೆದ. ಜನ ಕೊಡೆ ಬಗ್ಗಿಸ್ಕೊಂಡು, ಚಾಪೆ ತಲೆ ಮೇಲೆ ಹಾಕ್ಕೊಂಡು ಓಡ್ತಿದ್ದಾರೆ, ನದಿಯಲ್ಲಿ ಒಬ್ಬನೇ ಒಬ್ಬ ತೆಪ್ಪ ನಡೆಸ್ತಿದ್ದಾನೆ, ಆಚೆ ದಡ ಬೂದು ಬಣ್ಣದಲ್ಲಿ ಮಸುಕು. 'ಎದೋದ ನೂರು ಪ್ರಸಿದ್ಧ ನೋಟಗಳು' (ಎದೋ ಅಂದ್ರೆ ಟೋಕಿಯೋದ ಹಳೇ ಹೆಸರು) ಅನ್ನೋ ಸರಣಿಯ ಮರದಚ್ಚಿನ ಚಿತ್ರ ಅದು, ಅಂದ್ರೆ ಗೆರೆಗೆ, ಬಣ್ಣಗಳಿಗೆ ಬೇರೆಬೇರೆ ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಒಂದೇ ಹಾಳೆಗೆ ಒಂದಾದ ಮೇಲೊಂದು ಒತ್ತಿದ್ದು. ವ್ಯಾನ್ ಗೋ 1887ರಲ್ಲಿ ಇದನ್ನೇ ಎಣ್ಣೆ ಬಣ್ಣದಲ್ಲಿ ನಕಲು ಮಾಡಿದ್ದ.

ಮೊದಲು ನಾನೂ ಎಲ್ಲರ ಹಾಗೆ ಇಂಕ್‌ಜೆಟ್ ಪೋಸ್ಟರ್ ತಂದು ಹಾಕಿದ್ದೆ. ಆಮೇಲೆ ಒಂದು ಮ್ಯೂಸಿಯಂನಲ್ಲಿ ಮರದಚ್ಚಿನ ಹಾಳೆಯನ್ನೇ ಹತ್ತಿರದಿಂದ ನೋಡಿದೆ. ಪೋಸ್ಟರ್‌ನಲ್ಲಿ ಬಣ್ಣ ಕಾಗದದ ಮೇಲೆ ಕೂತಿರುತ್ತೆ, ಇದರಲ್ಲಿ ನಾರಿನ ಒಳಗಿಂದ ಬಂದ ಹಾಗಿತ್ತು, ಮಳೆಯ ಗೆರೆ ಬಿದ್ದ ಕಡೆ ಕಾಗದವೇ ಒಂಚೂರು ತಗ್ಗಾಗಿತ್ತು. ಮನೆಗೆ ಬಂದು ಪೋಸ್ಟರ್ ನೋಡೋಕೆ ಮನಸ್ಸಾಗ್ಲಿಲ್ಲ. ಹಾಗಾಗಿ ವಾರಕ್ಕೊಂದು ದಿನ ಮರದಚ್ಚಿನ ಕ್ಲಾಸಿಗೆ ಸೇರ್ಕೊಂಡೆ, ಒಂದು ವರ್ಷ ಚಿಕ್ಕಪುಟ್ಟದ್ದು ಕೆತ್ತಿದ ಮೇಲೆ ಸೆನ್ಸೇ (ಇಲ್ಲಿ ಗುರುಗಳಿಗೆ ಹಾಗನ್ನೋದು) ಈ ಚಿತ್ರಕ್ಕೆ ಒಪ್ಪಿಗೆ ಕೊಟ್ರು.

ಒಂದು ವಿಷಯ ಮೊದಲೇ ಹೇಳ್ಬೇಕು. ಹಿರೋಶಿಗೆ ಕೆತ್ತಲಿಲ್ಲ, ಅಚ್ಚೂ ಹಾಕಲಿಲ್ಲ, ಅವನು ಬರೆದು ಕೊಟ್ಟ, ಕೆತ್ತಿದವರು ಬೇರೆ, ಅಚ್ಚು ಹಾಕಿದವರು ಬೇರೆ, ಇವರೆಲ್ಲರನ್ನೂ ಸೇರಿಸಿ ದುಡ್ಡು ಹಾಕಿದ ಪ್ರಕಾಶಕ ಇನ್ನೊಬ್ಬ. ಈ ಚಿತ್ರದ ಮಳೆ ನೋಡಿದಾಗೆಲ್ಲ ನನಗೆ ಆ ಕೆತ್ತಿದವನ ಕೈ ನೆನಪಾಗುತ್ತೆ.

ಚಿತ್ರವನ್ನ ಮ್ಯೂಸಿಯಂ ಒಂದು ಫ್ರೀಯಾಗಿ ಕೊಡೋ ದೊಡ್ಡ ಫೈಲಿಂದ ಅದೇ ಅಳತೆಗೆ, ಸುಮಾರು 36 ಸೆಂ.ಮೀ. ಉದ್ದ 24 ಅಗಲಕ್ಕೆ ತೆಗೆದು, ತೆಳು ಕಾಗದದ ಮೇಲೆ ಬ್ರಷ್ಷಲ್ಲಿ ಗೆರೆ ಎಳೆದೆ. ಆ ಕಾಗದವನ್ನ ಬೋರಲಾಗಿ ಹಲಗೆಗೆ ಅಂಟಿಸ್ಬೇಕು, ಅಂಟು ಅಂದ್ರೆ ಅಕ್ಕಿ ಹಿಟ್ಟಿನ ಗಂಜಿ, ನಮ್ಮಜ್ಜಿ ಸೀರೆಗೆ ಹಾಕ್ತಿದ್ದ ಗಂಜಿಗಿಂತ ಗಟ್ಟಿ. ಒಣಗಿದ ಮೇಲೆ ಬೆರಳಲ್ಲಿ ಉಜ್ಜಿ ಹಿಂಬದಿಯ ಪದರ ಸುಲಿದ್ರೆ ಗೆರೆ ಕಾಣುತ್ತೆ, ಕಮೀಲಿಯಾ ಎಣ್ಣೆ ಒಂದು ತೊಟ್ಟು ಸವರಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಗೆರೆಗಳ ಹಲಗೆಗೂ ಮಳೆಯ ಹಲಗೆಗಳಿಗೂ ಕಾಡುಚೆರಿ ಮರ ತಗೊಂಡೆ, ಬಣ್ಣಕ್ಕೆ ಮಾತ್ರ ಶಿನಾ ಅನ್ನೋ ಮರದ ಪ್ಲೈವುಡ್, ಎಲ್ಲಾ ಚೆರಿಯೇ ಕೊಳ್ಳೋಷ್ಟು ದುಡ್ಡಿರ್ಲಿಲ್ಲ.

ಮಳೆಗೆ ಎರಡು ಹಲಗೆ. ಒಂದರ ಗೆರೆ ಒಂದು ಓರೆ, ಇನ್ನೊಂದರದ್ದು ಅದಕ್ಕಿಂತ ಸ್ವಲ್ಪ ಬೇರೆ ಓರೆ, ಒಂದು ತಿಳಿ, ಒಂದು ಕಪ್ಪು, ಎರಡೂ ಒಂದರ ಮೇಲೊಂದು ಬಿದ್ದಾಗಲೇ ಅದು ಸುರಿಯೋ ಮಳೆಯಾಗೋದು. ಒಂದೊಂದು ಗೆರೆಯ ಎಡಕ್ಕೊಂದು ಸಲ ಬಲಕ್ಕೊಂದು ಸಲ ಚಾಕು ಎಳೀಬೇಕು, ಚಾಕುವಿನ ಮೊನೆ ಗೆರೆಯಿಂದ ಹೊರಗಡೆಗೆ ಹೋಗೋ ಹಾಗೆ ವಾಲಿಸಿ ಎಳೆದ್ರೆ ಗೆರೆಯ ಬುಡ ಅಗಲವಾಗಿ ತುದಿ ಮಾತ್ರ ಕೂದಲಷ್ಟು ಉಳಿಯುತ್ತೆ, ನೆಟ್ಟಗೆ ಎಳೆದ್ರೆ ಅಚ್ಚು ಹಾಕುವಾಗ ಮುರಿಯುತ್ತೆ. ಆಮೇಲೆ ನಡುವಿನ ಮರವನ್ನ ಸಣ್ಣ ಉಳಿಯಲ್ಲಿ ತೆಗೀಬೇಕು. ಒಂದು ಸಂಜೆಗೆ ಮೂರು ಬೆರಳಗಲ ಆದ್ರೆ ಹೆಚ್ಚು, ಅರ್ಧ ಗಂಟೆಗೊಮ್ಮೆ ಸಾಣೆ ಕಲ್ಲಿಗೆ ಹೋಗ್ಲೇಬೇಕು. ಎರಡು ಮಳೆ ಹಲಗೆ ಮುಗಿಯೋಕೆ ನನಗೆ ನಾಲ್ಕು ತಿಂಗಳಾಯ್ತು.

ಎಲ್ಲಾ ಹಲಗೆಗೂ ಬಲ ಮೂಲೆಯಲ್ಲೊಂದು ಎಲ್ ಆಕಾರದ ಕಚ್ಚು, ಎಡಕ್ಕೊಂದು ನೇರ ಕಚ್ಚು ಇರುತ್ತೆ, ಇದಕ್ಕೆ ಕೆಂತೋ ಅಂತಾರೆ, ಹಾಳೆಯನ್ನ ಪ್ರತಿ ಸಲ ಅದೇ ಜಾಗದಲ್ಲಿ ಕೂರಿಸೋಕೆ. ಅದು ಸರಿಯಿದ್ರೆ ಬಣ್ಣ ಕೂತ್ಕೊಂಡ ಹಾಗೇ ಅಂದ್ಕೊಂಡಿದ್ದೆ. ಆಗ್ಲಿಲ್ಲ.

ಅಚ್ಚು ಹಾಕೋ ಹಿಂದಿನ ದಿನ 30 ಹಾಳೆ ಒದ್ದೆ ಮಾಡಿ, ಒಂದರ ಮೇಲೊಂದು ಪೇರಿಸಿ, ತೂಕ ಇಟ್ಟು ರಾತ್ರಿಯೆಲ್ಲಾ ಬಿಟ್ಟೆ. ಹಾಳೆ ಕೋಜೋ ಗಿಡದ ನಾರಿನ ವಾಶಿ, ಅಂದ್ರೆ ಜಪಾನಿ ಕಾಗದ, ಬಣ್ಣ ಹರಡಬಾರ್ದು ಅಂತ ಮೊದಲೇ ಪ್ರಾಣಿಜನ್ಯ ಅಂಟು, ಪಟಿಕಾರ ಹಾಕಿರ್ತಾರೆ. ಬೆಳಿಗ್ಗೆ ಕಪ್ಪು ಗೆರೆ, ಸೇತುವೆಯ ಹಳದಿ ಎಲ್ಲಾ ಚೆನ್ನಾಗೇ ಬಂತು, ಮಧ್ಯಾಹ್ನ ನದಿಯ ನೀಲಿ ಹಾಕ್ತಿದ್ದಾಗ ನೋಡ್ತೀನಿ, ಸೇತುವೆಯ ಅಂಚಲ್ಲಿ ಉದ್ದಕ್ಕೂ ಬಿಳಿ ಎಳೆ, ಮುಂದಿನ ಹಾಳೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಕೆಂತೋ ತಪ್ಪು ಕೆತ್ತಿದೀನಿ ಅಂತ ಹೆದರಿ ಅದನ್ನ ಇನ್ನಷ್ಟು ಕೆರೆದೆ, ಅದು ಎರಡನೇ ತಪ್ಪು. 12 ಹಾಳೆ ಹೋಯ್ತು.

ಫೋಟೋ ತೋರಿಸಿದಾಗ ಸೆನ್ಸೇ ಕೇಳಿದ್ದು ಒಂದೇ ಪ್ರಶ್ನೆ, ರೂಮಲ್ಲಿ ಹೀಟರ್ ಹಾಕಿದ್ರಾ ಅಂತ. ಹಾಕಿದ್ದೆ, ಫೆಬ್ರವರಿ ಚಳಿ. ಹೀಟರ್ ಗಾಳಿಗೆ ಹಾಳೆ ಒಣಗಿ ಕುಗ್ಗಿತ್ತು, ಹಲಗೆ ಕುಗ್ಗಿರ್ಲಿಲ್ಲ, ಅಷ್ಟೇ ಆಗಿದ್ದು. ಅವತ್ತಿಂದ ಹೀಟರ್ ಆಫ್ ಮಾಡಿ ಸ್ವೆಟರ್ ಹಾಕ್ಕೊಂಡು ಕೂರ್ತೀನಿ, ಹಾಳೆಗಳು ಒದ್ದೆ ಪೇಪರ್ ಮಧ್ಯೆ ಮುಚ್ಚಿದ ಡಬ್ಬದಲ್ಲಿರ್ತವೆ, ಒಂದು ತೆಗೆದ್ರೆ ತಕ್ಷಣ ಮುಚ್ಚೋದು. ಬೆರಳ ಹಿಂಭಾಗಕ್ಕೆ ತಾಗಿಸಿ ನೋಡಿದ್ರೆ ತಣ್ಣಗಿರ್ಬೇಕು, ಆದ್ರೆ ನೀರು ಅಂಟಬಾರ್ದು, ಅದೇ ಹದ. ಕೆಲಸ ನಾಳೆಗೆ ಉಳಿದ್ರೆ ಹಾಳೆಗಳನ್ನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಕಾಯಿತುರಿ ಡಬ್ಬದ ಪಕ್ಕ ಇಡ್ತೀನಿ, ಹೊರಗಿಟ್ರೆ ಬೂಷ್ಟು ಹಿಡಿಯುತ್ತೆ, ಅದ್ರಲ್ಲೂ ಜೂನ್ ಮಳೆಗಾಲದಲ್ಲಿ ಕೇಳೋದೇ ಬೇಡ.

ನೀಲಿಗೆ ಬಳಸಿದ್ದು ಪ್ರಶಿಯನ್ ಬ್ಲೂ. ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ ಅಂತ ಇಲ್ಲಿ ಅದಕ್ಕೆ 'ಬೆರೋ' ಅಂತಾರೆ, ಹೊಕುಸಾಯಿ ಅನ್ನೋ ಇನ್ನೊಬ್ಬ ಚಿತ್ರಕಾರನ ಪ್ರಸಿದ್ಧ 'ದೊಡ್ಡ ಅಲೆ' ಚಿತ್ರದಲ್ಲಿರೋದೂ ಅದೇ. ಹಲಗೆ ಮೇಲೆ ಬಣ್ಣ, ಒಂಚೂರು ಗಂಜಿ, ಬ್ರಷ್ಷಲ್ಲಿ ಹರಡಿ, ಹಾಳೆ ಕೂರಿಸಿ, ಬಿದಿರಿನ ಸಿಪ್ಪೆ ಸುತ್ತಿದ ಬಾರೆನ್ ಅನ್ನೋ ಚಪ್ಪಟೆ ಬಿಲ್ಲೆಯಿಂದ ಮೈಭಾರ ಹಾಕಿ ಉಜ್ಜಬೇಕು. ಕೊನೆಗೆ ಮೇಲಿನ ಕಪ್ಪು ಮೋಡ. ಅದಕ್ಕೆ ಕೆತ್ತನೆಯೇ ಇಲ್ಲ, ಬರೀ ಸಪಾಟು ಹಲಗೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬ್ರಷ್ಷಿನ ಒಂದು ಮೂಲೆಗೆ ಮಾತ್ರ ಮಸಿ ತಾಗಿಸಿ ಅಡ್ಡ ಎಳೆದ್ರೆ ಕಪ್ಪು ತಾನಾಗೇ ಕರಗ್ತಾ ಕೆಳಗಿಳಿಯುತ್ತೆ. ಇದಕ್ಕೆ ಬೊಕಾಶಿ ಅನ್ನೋದು. ಒಂದು ಹಾಳೆಯ ಮೋಡ ಇನ್ನೊಂದರ ಹಾಗೆ ಇರಲ್ಲ, ನನಗೆ ಇಡೀ ಕೆಲಸದಲ್ಲಿ ಅತಿ ಪ್ರೀತಿಯ ಭಾಗ ಅದೇ.

30ರಲ್ಲಿ ಚೆನ್ನಾಗಿ ಬಂದಿದ್ದು 11. ಗೋಡೆಗೆ ಹಾಕುವಾಗ ದಯವಿಟ್ಟು ಸೆಲೋಟೇಪ್ ಹಾಕ್ಬೇಡಿ. ಮೇಲಿನ ಅಂಚಿಗೆ ಮಾತ್ರ ವಾಶಿಯ ಎರಡು ಪಟ್ಟಿ, ಗಂಜಿ ಅಂಟು ಸಾಕು, ಕಾಗದ ಕೆಳಗೆ ಸ್ವತಂತ್ರವಾಗಿ ಇಳಿಬಿದ್ದಿರ್ಲಿ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ನಡುವೆ ಇಟ್ರೆ ಗಾಜು ಹಾಳೆಗೆ ತಾಗಲ್ಲ. ನೇರ ಬಿಸಿಲು ಬೀಳೋ ಗೋಡೆ ಬೇಡವೇ ಬೇಡ, ಹಳೇ ಮುದ್ರಣಗಳಲ್ಲಿ ಕುಸುಬೆ ಹೂವಿನ ಕೆಂಪು ಎಷ್ಟು ಮಾಸಿದೆ ನೋಡಿದ್ರೆ ಗೊತ್ತಾಗುತ್ತೆ. ಹಿರೋಶಿಗೆಯ ಸಹಿ, ಮುದ್ರೆಗಳನ್ನೂ ಇದ್ದ ಹಾಗೇ ಕೆತ್ತಿರೋದ್ರಿಂದ ಪ್ರತಿ ಹಾಳೆಯ ಹಿಂದೆ ಇದು ಮರುಅಚ್ಚು ಅಂತ ಇಸವಿ ಸಮೇತ ಬರೆದಿದೀನಿ, ನಾಳೆ ಯಾರ ಕೈಗೆ ಹೋದ್ರೂ ಮೋಸ ಆಗಬಾರ್ದು.

ನಮ್ಮನೇಲಿ ಅದು ಬಾಗಿಲ ಹತ್ತಿರದ ಪ್ಯಾಸೇಜಲ್ಲಿದೆ, ಪಕ್ಕದಿಂದ ಸಣ್ಣ ದೀಪ. ಆ ಬೆಳಕಲ್ಲಿ ಮಳೆಯ ಒಂದೊಂದು ಗೆರೆಯ ತಗ್ಗೂ ನೆರಳಾಗಿ ಕಾಣುತ್ತೆ. ಈಗ ಅದೇ ಸರಣಿಯ ಕಮೇಯಿದೋದ ಪ್ಲಮ್ ತೋಟ ಶುರು ಮಾಡಿದೀನಿ. ಗೆರೆಯ ಹಲಗೆ ಮುಗಿದಿದೆ, ಕೆಂಪು ಆಕಾಶದ ಬೊಕಾಶಿಗೆ ಹಾಳೆಗಳು ಫ್ರೀಜರ್‌ನಲ್ಲಿ ಕಾಯ್ತಿದಾವೆ.